ಗುಬ್ಬಿ ಕೈಬಿಟ್ಟ ದಿನ

ಸೈಕಲ್ಲಿನ ಹಿಂಬದಿ ಹಿಡಿದುಕೊಂಡಿದ್ದ ಗಂಡನ ಕೈ ಫೋನ್ ತೆಗೆಯಲು ಜೇಬಿಗೆ ಹೋದದ್ದೇ ಎಲ್ಲ ತೊಂದರೆಗೂ ಮೂಲ. ನಲವತ್ತೆರಡನೆಯ ವಯಸ್ಸಿನಲ್ಲಿ ಸೈಕಲ್ ಕಲಿಯಲು ಹಟ ತೊಟ್ಟ ಹೆಂಡತಿ ಹೀಗೆ ಮೂರು ಸಂಜೆ ಮೂರು ಸಲ ಮೈದಾನದ ಬೇಲಿಯನ್ನು ಅಪ್ಪಿಕೊಂಡಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ಮೊಣಕೈಗೆ ಮುಲಾಮು ಸವರಿಕೊಳ್ಳುತ್ತ ತಣ್ಣಗೆ ಹೇಳಿದಳು.

"ಇವತ್ತು ಐದೂವರೆಗೆ ಬಂದು ಸರಿಯಾಗಿ ಹಿಡ್ಕೊಂಡ್ರೆ ಹಿಡ್ಕೊಳ್ಳಿ. ಇಲ್ಲಾಂದ್ರೆ ಪಕ್ಕದ್ಮನೆ ಡ್ರಿಲ್ ಮೇಷ್ಟ್ರನ್ನ ಕರೀತೀನಿ. ಅವರ ಹತ್ರ ಫೋನೇ ಇಲ್ಲ."

"ಇವತ್ತಿಗೆ ಅದರ ಸಹವಾಸ ಮುಗಿಸ್ತೀನಿ ಕಣೇ," ಎಂದ ಗಂಡ.

ಅವನು ಗ್ರಂಥಾಲಯವೊಂದರ ಕಂಪ್ಯೂಟರ್ ಗುಮಾಸ್ತ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ, ಯಾರು ಬೇಕಾದರೂ ತಿದ್ದಬಹುದಾದ ಪುಟ್ಟ ಓಪನ್ ಸೋರ್ಸ್ ತಂತ್ರಾಂಶವೊಂದು ಅವನ ಕೊರಳಿಗೆ ಬಿದ್ದಿತ್ತು. ಅದನ್ನು ಮಾಡಿದ ಕಂಪನಿ ಎರಡು ವರ್ಷದ ಹಿಂದೆ, 'ಇನ್ನು ಇದರ ದುರಸ್ತಿ ನಮ್ಮದಲ್ಲ, ಬೇಕಾದವರು ನೋಡಿಕೊಳ್ಳಿ' ಎಂದು ಕೈತೊಳೆದುಕೊಂಡಿತು. ಇವನು ತನ್ನ ಗ್ರಂಥಾಲಯಕ್ಕೆಂದು ಒಂದು ದೋಷ ತಿದ್ದಿ, ತನ್ನ ಹೆಸರು ಮರೆಸಿ 'ಗುಬ್ಬಿ' ಎಂಬ ಅಡ್ಡಹೆಸರಿನಲ್ಲಿ ಎಲ್ಲರಿಗೂ ಸಿಗುವಂತೆ ಅಂತರ್ಜಾಲದಲ್ಲಿ ಹಾಕಿದ. ಅಷ್ಟೇ. ಬೆಲ್ಲ ಕಂಡ ಇರುವೆಗಳಂತೆ ಆಸ್ಪತ್ರೆಗಳು, ಶಾಲೆಗಳು, ಯಾವುದೋ ಈಜುಗಾರರ ಸಂಘ, ಎಲ್ಲರೂ ಗುಬ್ಬಿಯನ್ನು ಮುತ್ತಿಕೊಂಡರು. ಹೊತ್ತುಗೊತ್ತಿಲ್ಲದೆ ಫೋನ್ 'ಟಿಂಗ್' ಎನ್ನುತ್ತಿತ್ತು.

ಹತ್ತು ಗಂಟೆಗೆ ಕಚೇರಿ ಸೇರಿದವನೇ ಪ್ರಕಟಣೆ ಬರೆದ: 'ಇಂದಿನಿಂದ ನಾನು ನಿಲ್ಲಿಸುತ್ತಿದ್ದೇನೆ. ಯಾರಾದರೂ ವಹಿಸಿಕೊಳ್ಳುವಿರಾ?'

ಅವನೇ ಗುಬ್ಬಿ ಎಂಬುದು ಆ ಕೋಣೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು: ಪುಸ್ತಕಗಳ ಸೂಚಿ ಬರೆಯುವ ಅಕ್ಕನಿಗೆ, ಪುಸ್ತಕ ಹೊಲಿಯುವ ಬೈಂಡರಿಗೆ. ಗಾಜಿನ ಕೋಣೆಯಲ್ಲಿದ್ದ ಮುಖ್ಯ ಗ್ರಂಥಪಾಲಕರಿಗೆ ಗೊತ್ತಿರಲಿಲ್ಲ, ಗೊತ್ತಾಗಕೂಡದಿತ್ತು. ಕಚೇರಿಯ ಹೊತ್ತಿನಲ್ಲಿ ಊರಿನ ಉಸಾಬರಿ ಎಂದರೆ ಅವರಿಗೆ ಮೈಯೆಲ್ಲ ಉರಿ.

"ಇಷ್ಟು ಮೆತ್ತಗೆ ಬರೆದ್ರೆ ಯಾರು ಬಿಡ್ತಾರೋ? ಮೊದಲು ನಿನ್ನ ಹೆಸರು ತೆಗೆದುಹಾಕು," ಎಂದಳು ಅಕ್ಕ.

"ಬುಡಸಮೇತ ಕಿತ್ತು ಹಾಕಿ ಸ್ವಾಮಿ," ಎಂದು ಬೈಂಡರ್ ಸೂಜಿ ಎತ್ತಿ ತೋರಿಸಿದ.

ಅವನು ತಂತ್ರಾಂಶದೊಳಗೆ ಗುಬ್ಬಿ ಎಂಬ ಹೆಸರಿದ್ದ ಸಾಲನ್ನು ಅಳಿಸಿದ. ಆ ಸಾಲಿಗೆ ಇನ್ನೊಂದು ಸಾಲು ಜೋತುಬಿದ್ದಿದೆ ಎಂಬುದು ಅವನಿಗೇ ಮರೆತುಹೋಗಿತ್ತು. ಎರಡೇ ನಿಮಿಷದಲ್ಲಿ ಗ್ರಂಥಾಲಯದ ಇಡೀ ಪಟ್ಟಿ ತಲೆಕೆಳಗಾಗಿ ಹಕಾರದಿಂದ ಶುರುವಾಯಿತು. ಓದುಗರು ಗಲಾಟೆ ಎಬ್ಬಿಸಿದರು. ಗಾಜಿನ ಕೋಣೆಯ ಬಾಗಿಲು ತೆರೆಯಿತು.

"ಏನ್ರೀ ಇದು?"

"ಆ ತಂತ್ರಾಂಶದ್ದು ಸಾರ್... ಅದನ್ನ ನೋಡ್ಕೊಳ್ತಿದ್ದವನು ಬಿಟ್ಟುಬಿಟ್ಟನಂತೆ." ಸುಳ್ಳೇನೂ ಆಡಿರಲಿಲ್ಲ.

"ಎಂಥಾ ಜನಾನಪ್ಪಾ!" ಬಾಗಿಲು ಮುಚ್ಚಿತು.

ಬೆವರು ಒರೆಸಿಕೊಳ್ಳುತ್ತ ಎಲ್ಲವನ್ನೂ ಮೊದಲಿನಂತೆ ಮಾಡುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಬೈಂಡರ್ ತನ್ನ ಡಬ್ಬಿಯ ಅರ್ಧವನ್ನು ಅವನ ಮೇಜಿನ ಮೇಲಿಟ್ಟು ಹೋದ. ಅಷ್ಟರೊಳಗೆ ಬೈಗುಳದ ಓಲೆಗಳು ನಲವತ್ತಾಗಿದ್ದವು. ಈಜುಗಾರರ ಸಂಘದವರಂತೂ ಮುಳುಗುತ್ತಿರುವವರ ಹಾಗೆ ಕೂಗಿಕೊಂಡಿದ್ದರು. ಒಬ್ಬ ನರ್ಸ್ ಮಾತ್ರ, 'ನೀವು ಯಾರೋ ತಿಳಿಯದು. ಎರಡು ವರ್ಷ ನಮ್ಮ ವಾರ್ಡಿನ ಪಟ್ಟಿ ತಪ್ಪಲಿಲ್ಲ. ಇನ್ನು ವಿಶ್ರಾಂತಿ ತಗೊಳ್ಳಿ' ಎಂದು ಬರೆದಿದ್ದಳು. ಅದನ್ನವನು ಎರಡು ಸಲ ಓದಿದ.

ನಾಲ್ಕು ಗಂಟೆಗೆ 'ಸೂರ್ಯಕಾಂತಿ' ಎಂಬ ಹೆಸರಿನಿಂದ ಓಲೆ ಬಂತು: 'ನಾನು ವಹಿಸಿಕೊಳ್ಳುತ್ತೇನೆ. ನನ್ನ ಕೈಕೆಳಗೆ ನುರಿತವನೊಬ್ಬನಿದ್ದಾನೆ. ಅವನ ಕೈಲಿ ಮಾಡಿಸುತ್ತೇನೆ.'

"ಯಾರೋ ಪುಣ್ಯಾತ್ಗಿತ್ತಿ!" ಅಕ್ಕ ಚಪ್ಪಾಳೆ ತಟ್ಟಿದಳು.

"ಅವಳ ಕೈಕೆಳಗಿನ ಬಡಪಾಯಿನ ನೆನೆಸ್ಕೊಂಡ್ರೆ ಪಾಪ ಅನ್ಸುತ್ತೆ," ಎಂದು ಇವನು ನಕ್ಕು, ಗುಪ್ತಪದಗಳನ್ನೆಲ್ಲ ಸೂರ್ಯಕಾಂತಿಗೆ ಒಪ್ಪಿಸಿ, ಮದುವೆಯ ದಿನವೂ ಇರದಿದ್ದ ಉತ್ಸಾಹದಿಂದ ಮನೆಯತ್ತ ನಡೆದ.

ಐದೂವರೆಗೆ ಸರಿಯಾಗಿ ಮೈದಾನ. ಹೆಂಡತಿ ಪೆಡಲ್ ತುಳಿದಳು. ಅವನು ಬಿಗಿಯಾಗಿ ಹಿಡಿದು ಓಡಿದ. 'ಟಿಂಗ್' ಎನ್ನುವುದು ನಿಂತೇಹೋಗಿತ್ತು. ಒಂದು ಸುತ್ತು ಮುಗಿಯುವಷ್ಟರಲ್ಲಿ ಫೋನೇ ಗಂಟೆ ಹೊಡೆಯಿತು. ಮುಖ್ಯ ಗ್ರಂಥಪಾಲಕರು! ಸಾಹೇಬರ ಫೋನ್ ಎಂದರೆ ಎರಡೂ ಕೈಯಲ್ಲಿ ಹಿಡಿದು ಮಾತಾಡುವುದು ಅವನ ಇಪ್ಪತ್ತು ವರ್ಷದ ಅಭ್ಯಾಸ. ಎರಡೂ ಕೈ ಬಿಟ್ಟ.

"ಒಂದು ಒಳ್ಳೇ ಕೆಲಸ ಒಪ್ಕೊಂಡಿದ್ದೀನಪ್ಪಾ. ಬೆಳಿಗ್ಗೆ ಕೈಕೊಡ್ತಲ್ಲ ಆ ತಂತ್ರಾಂಶ, ಅದನ್ನ ಯಾರೋ ಗುಬ್ಬಿ ಅಂತೆ, ಬೇಜವಾಬ್ದಾರಿ ಮನುಷ್ಯ, ನಡುನೀರಲ್ಲಿ ಬಿಟ್ಟು ಹೋಗಿದ್ದಾನೆ. ನಾನೇ ವಹಿಸ್ಕೊಂಡೆ."

"ಸೂ... ಸೂರ್ಯಕಾಂತಿ ನೀವಾ ಸಾರ್?"

"ಗೊತ್ತಾಗ್ಹೋಯ್ತಾ? ನಮ್ಮನೆ ಕುಂಡದಲ್ಲಿ ಅರಳಿದೆ, ಅದನ್ನೇ ಇಟ್ಕೊಂಡೆ. ನೀನು ಇದ್ದೀಯ ಅನ್ನೋ ಧೈರ್ಯದ ಮೇಲೇ ಒಪ್ಕೊಂಡಿದ್ದು ಕಣಯ್ಯಾ. ನಾಳೆಯಿಂದ ಸಂಜೆ ಐದೂವರೆಗೆ ದಿನಾ ವರದಿ ಕೊಡು."

ಗುಬ್ಬಿ ತಾನೇ ಎಂದು ಬಾಯಿಬಿಡುವಂತಿರಲಿಲ್ಲ. "ಆಗ್ಲಿ ಸಾರ್," ಎಂದು ಕಣ್ಣು ಮುಚ್ಚಿ, ಬೇಲಿಯ ಕಡೆಯಿಂದ ಬರಬೇಕಾಗಿದ್ದ ಸದ್ದಿಗಾಗಿ ಕಾದ.

ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ, ಹೆಂಡತಿ ಮೈದಾನದ ಆಚೆ ತುದಿಯಲ್ಲಿ ತಿರುವು ತೆಗೆದುಕೊಂಡು, ಸೆರಗು ಹಾರಿಸುತ್ತ, ಒಬ್ಬಳೇ ಬರುತ್ತಿದ್ದಳು.

"ನೀವು ಕೈಬಿಟ್ಟಿದ್ದೇ ಒಳ್ಳೇದಾಯ್ತು ನೋಡಿ!" ಎದುರಿಗೆ ಬಂದು ಕೂಗಿದಳು. "ಪಾಪ, ಎಷ್ಟು ದಿನ ಓಡಿದ್ರಿ. ನಾಳೆಯಿಂದ ಬರ್ಬೇಡಿ, ಹಾಯಾಗಿ ಮನೇಲಿ ಕೂತಿರಿ." ಎಂದವಳೇ ಮತ್ತೊಂದು ಸುತ್ತಿಗೆ ಹೊರಟಳು.

'ಟಿಂಗ್' ಎಂದಿತು ಫೋನ್. ಸಾಹೇಬರು ರವಾನಿಸಿದ ಮೊದಲ ಓಲೆ, ಈಜುಗಾರರ ಸಂಘದ್ದು: 'ಹೊಸಬರಿಗೆ ಸ್ವಾಗತ. ನೀವಾದರೂ ಆ ಗುಬ್ಬಿಗಿಂತ ಚುರುಕಾಗಿರಿ.'