ಒಂದು ಗೀಟೂ ಇಲ್ಲದ ಪುಸ್ತಕ

ಖಾನಾಪುರದ ಹಂಚಿನ ಕಾರ್ಖಾನೆಯ ಗುಮಾಸ್ತ ಗುರುಪುತ್ರಪ್ಪನ ಮಾನ ಕಳೆಯಲು ಒಂದು ಪೋಸ್ಟ್ ಕಾರ್ಡು ಸಾಕಾಯಿತು. ೧೯೭೮ರ ಶ್ರಾವಣದ ಒಂದು ಶನಿವಾರ ಸಂಜೆ ಬಂದ ಆ ಕಾರ್ಡಿನಲ್ಲಿ ಇದ್ದದ್ದು ಎರಡೇ ಸಾಲು. ‘ನಾಳೆ ರವಿವಾರ ಹನ್ನೊಂದಕ್ಕೆ ನಿಮ್ಮ ಮನೆಗೆ ಬರುತ್ತೇನೆ. ನಾನು ಕೊಟ್ಟ ಪ್ರತಿಯನ್ನು ಒಮ್ಮೆ ನೋಡಬೇಕಾಗಿದೆ.’ ಕೆಳಗೆ ಬಸಯ್ಯ ಮಾಸ್ತರರ ಸಹಿ.

ಬಸಯ್ಯ ಮಾಸ್ತರರು ಬೆಳಗಾವಿಯ ಶಹಾಪುರದವರು, ನಿವೃತ್ತ ಶಿಕ್ಷಕರು, ‘ಕೊಡೆ ಮರೆತ ಮಾಸ್ತರ’ ಎಂಬ ನಗೆಗವಿತೆಗಳ ಪುಸ್ತಕ ಬರೆದವರು. ಹಿಂದಿನ ವರ್ಷ ಅವರು ಬೆಳಗಾವಿಯಲ್ಲಿ ಕವಿತೆ ಓದಿದಾಗ ಕೊನೆಯ ಸಾಲಿನಲ್ಲಿ ಕೂತ ಗುರುಪುತ್ರಪ್ಪ ಎಷ್ಟು ನಕ್ಕನೆಂದರೆ, ಕುರ್ಚಿ ಮುರಿದು ಕೆಳಗೆ ಬಿದ್ದರೂ ನಗು ನಿಲ್ಲಿಸಲಿಲ್ಲ. ಮಾಸ್ತರರು ಅವನನ್ನು ಹತ್ತಿರ ಕರೆದು ಒಂದು ಪ್ರತಿ ಕೊಟ್ಟು, ಮೊದಲ ಪುಟದಲ್ಲಿ ‘ನಿಜವಾದ ಓದುಗ ಗುರುಪುತ್ರಪ್ಪನವರಿಗೆ’ ಎಂದು ಬರೆದುಕೊಟ್ಟರು. ನಲವತ್ತೆರಡು ವರ್ಷದ ಬಾಳಿನಲ್ಲಿ ಅವನಿಗೆ ಸಿಕ್ಕ ಬಿರುದು ಅದೊಂದೇ. ಸಂಬಳ ಹೆಚ್ಚಿದಾಗಲೂ ಅವನಿಗೆ ಅಷ್ಟು ಸಂತೋಷವಾಗಿರಲಿಲ್ಲ.

ಒಳ್ಳೆಯ ಕವಿತೆಯನ್ನು ಒಬ್ಬನೇ ಓದಿ ಸುಮ್ಮನಿರುವುದು ಅವನಿಂದ ಆಗದ ಕೆಲಸ. ಪುಸ್ತಕ ಓಣಿಯ ಮನೆಮನೆಗೆ ಹೋಯಿತು. ಹೋಗುವ ಮೊದಲು ಅವನೇ ಅದರ ಕೊನೆಯ ಪುಟದಲ್ಲಿ, ‘ಓದಿದವರು ಏನಾದರೂ ಬರೆಯದೆ ಮರಳಿಸಬಾರದು’ ಎಂದು ಪೆನ್ಸಿಲಿನಲ್ಲಿ ಕಟ್ಟಪ್ಪಣೆ ಬರೆದಿದ್ದ. ಜನ ಅದನ್ನು ಚಾಚೂ ತಪ್ಪದೆ ಪಾಲಿಸಿದರು.

ಈಗ ಅವನು ಕಾರ್ಡನ್ನು ಎರಡೆರಡು ಸಲ ಓದಿದ. ಚಿಕ್ಕಂದಿನಲ್ಲಿ ಪುಸ್ತಕಕ್ಕೆ ಗೀಟು ಹಾಕಿದ್ದಕ್ಕೆ ಸಾಲಿಯಲ್ಲಿ ತಿಂದ ಛಡಿಯೇಟು ನೆನಪಾಯಿತು. ಬಿದ್ದ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಳ್ಳದೆ ಎತ್ತಿಡಬಾರದೆಂದು ಕಲಿಸಿದ ತಾಯಿ ನೆನಪಾದಳು. ಬಸಯ್ಯನವರೂ ಮಾಸ್ತರರೇ. ಕೊಟ್ಟ ಪುಸ್ತಕವನ್ನು ಹೇಗೆ ಇಟ್ಟುಕೊಂಡಿದ್ದಾನೆಂದು ಪರೀಕ್ಷಿಸಲು ಬರುತ್ತಿದ್ದಾರೆ, ಅದರಲ್ಲಿ ಅವನಿಗೆ ಅನುಮಾನವೇ ಉಳಿಯಲಿಲ್ಲ.

ರವಿವಾರ ಬೆಳಕು ಹರಿಯುತ್ತಲೇ ಪುಸ್ತಕ ಹುಡುಕಲು ಹೊರಟ. ಮೊದಲು ಬಸ್ ಕಂಡಕ್ಟರ್ ಭರಮಣ್ಣನ ಮನೆ. ಆಗಲೇ ಖಾಕಿ ಅಂಗಿ ತೊಟ್ಟಿದ್ದ ಭರಮಣ್ಣ, ಪುಸ್ತಕವನ್ನು ಖಾನಾವಳಿಯ ಪದ್ಮವ್ವನಿಗೆ ಕೊಟ್ಟು ತಿಂಗಳಾಯಿತೆಂದ. ವಿಷಯ ಕೇಳಿ ಸಮಾಧಾನ ಹೇಳುವ ಬದಲು, ಬೆಳಗಾವಿಯಲ್ಲಿ ಯಾರೋ ಪುಟದ ಮೂಲೆ ಮಡಚಿದ್ದಕ್ಕೆ ಒಬ್ಬ ಪಂಡಿತರು ಅವರ ಮನೆಯ ನೀರನ್ನೂ ಮುಟ್ಟದೆ ಎದ್ದುಹೋದ ಕತೆ ಹೇಳಿದ. ಡ್ಯೂಟಿಗೆ ಅರ್ಧ ದಿನ ರಜೆ ಹೇಳಿ ತಾನೂ ಜೊತೆಗೆ ಹೊರಟ.

ಪದ್ಮವ್ವ, ತಾನು ‘ಮಾಲಕರು’ ಎನ್ನುತ್ತಿದ್ದ ಗಂಡ ತೀರಿದ ಮೇಲೆ ಸ್ಟೇಶನ್ ರಸ್ತೆಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಮನೆಯಲ್ಲಿ ಆಡುವುದು ಮರಾಠಿ, ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ ಕನ್ನಡ. ಪುಸ್ತಕವನ್ನು ಅವಳು ಜೋಳದ ಭಕ್ರಿ ಬುಟ್ಟಿಯ ಬಾಜು ಇಟ್ಟುಕೊಂಡಿದ್ದಳು. ಎರಡು ಪುಟಕ್ಕೆ ಎಣ್ಣೆ, ಒಂದಕ್ಕೆ ಅರಿಶಿನ. ಗುರುಪುತ್ರಪ್ಪ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತ.

ಒಂಬತ್ತಕ್ಕೆ ಅವನ ಪಡಸಾಲೆಯಲ್ಲಿ ರಿಪೇರಿ ಶುರುವಾಯಿತು. ಎಣ್ಣೆ ಹೀರಲೆಂದು ಪದ್ಮವ್ವ ಅಕ್ಕಿಹಿಟ್ಟು ಉದುರಿಸಿದಳು. ಮುದುಡಿದ ಪುಟಗಳ ಮೇಲೆ ಹೆಂಡತಿ ಕಾಂತಾ ಕೆಂಡ ತುಂಬಿದ ತಂಬಿಗೆ ಎಳೆದಳು. ಭರಮಣ್ಣ ಪುಟ ಹಿಡಿದ, ಗುರುಪುತ್ರಪ್ಪ ರಬ್ಬರ್ ಹಿಡಿದ.

ಅಳಿಸುವ ಮೊದಲು ಓದದಿರುವುದು ಯಾರಿಂದಲೂ ಆಗಲಿಲ್ಲ. ಬಸ್ಸಿನ ಮೇಲಿನ ಕವಿತೆಯ ಪಕ್ಕ ಭರಮಣ್ಣ ಬರೆದಿದ್ದ: ‘ಇದನ್ನ ಬಸ್ಸಿನ್ಯಾಗ ಜೋರಾಗಿ ಓದಿದೆ. ಸೀಟಿ ಊದೂದು ಮರತು ಎರಡು ಸ್ಟಾಪ್ ಮುಂದ ಹೋದ್ವಿ. ಇಳಿಯಾವರೂ ಬಾಯಿ ಬಿಡಲಿಲ್ಲ, ಅವರಿಗೂ ಕಡೀ ಸಾಲು ಕೇಳಬೇಕಾಗಿತ್ತು.’ ದಿನವಿಡೀ ಕೂರಲು ಪುರುಸೊತ್ತಿಲ್ಲದ ಹೆಂಗಸಿನ ಕವಿತೆಯ ಕೆಳಗೆ ಕಾಂತಾಳ ಅಕ್ಷರ: ‘ಇದನ್ನ ನಮ್ಮವರೂ ಓದ್ಯಾರ. ಓದಿ, ನಕ್ಕು, ಚಹಾ ಕೇಳ್ಯಾರ.’ ಗುರುಪುತ್ರಪ್ಪ ಕಣ್ಣೆತ್ತದೆ ಅದನ್ನು ಗಸಗಸ ಉಜ್ಜಿದ.

ಕೊಡೆ ಮರೆತ ಮಾಸ್ತರನ ಕವಿತೆ ಬಂದಾಗ ಅವನ ಕೈ ನಿಂತಿತು. ಅಲ್ಲಿದ್ದದ್ದು ಅವನದೇ ಬರಹ. ಹತ್ತು ಸಲ ಬೇರೆ ಕಾಗದದಲ್ಲಿ ಬರೆದು ಹರಿದು, ಹನ್ನೊಂದನೇ ಸಲ ಪುಸ್ತಕಕ್ಕೆ ಇಳಿಸಿದ್ದು: ‘ನಮ್ಮಪ್ಪನೂ ಹಿಂಗ ಇದ್ದ. ನಗಬೇಕಂತ ಕುಂತೆ, ಅವನ ಹಸೀ ಅಂಗಿ ನೆನಪಾತು.’ ಬದುಕಿನಲ್ಲಿ ತಾನು ಬರೆದ ಒಳ್ಳೆಯ ಸಾಲು ಅದೊಂದೇ ಎಂದು ಅವನಿಗೆ ಗೊತ್ತಿತ್ತು.

“ಅದೊಂದು ಇರ್ಲಿ ಬಿಡ್ರೀ,” ಎಂದಳು ಕಾಂತಾ.

ಅವನು ಕಣ್ಣು ಮುಚ್ಚಿಕೊಂಡು ಅದನ್ನೂ ಅಳಿಸಿದ. ಕೊನೆಯ ಪುಟದ ತನ್ನ ಕಟ್ಟಪ್ಪಣೆಯನ್ನೂ ಬಿಡಲಿಲ್ಲ.

ಕೊನೆಗೆ ಉಳಿದದ್ದು ಪದ್ಮವ್ವನ ಬರಹ. ಅವಳು ಬರೆದದ್ದು ನಾಲಿಗೆಗೆ ತಾಗಿಸಿದರೆ ನೇರಳೆ ಬಣ್ಣ ಬಿಡುವ ಪೆನ್ಸಿಲಿನಲ್ಲಿ. ರಬ್ಬರ್ ಸವೆಯಿತು, ಅಕ್ಷರ ಸವೆಯಲಿಲ್ಲ. ಬೆರಳಿಗೆ ಉಗುಳು ಹಚ್ಚಿ ತಿಕ್ಕಿದಾಗ ಅದು ಇನ್ನಷ್ಟು ಕಳೆಗಟ್ಟಿತು. ಅಷ್ಟರಲ್ಲಿ ಹೊರಗೆ ಕೊಡೆ ಕೊಡವಿದ ಸದ್ದಾಯಿತು. ಆ ಒಂದು ಪುಟ ಕಣ್ಣಿಗೆ ಬೀಳದಿರಲೆಂದು ಶಿವನಿಗೆ ಕೈಮುಗಿದು, ಪುಸ್ತಕಕ್ಕೆ ಖಾಕಿ ಕಾಗದ ಹೊದಿಸಿ ಮುಂದಿಟ್ಟ.

ಮಾಸ್ತರರು ಚಹಾ ಕುಡಿದು ಪುಸ್ತಕ ಬಿಡಿಸಿದರು. ಒಂದು ಪುಟ, ಎರಡು ಪುಟ, ಹತ್ತು ಪುಟ. ಬಿಳಿಯ ಅಂಚುಗಳನ್ನು ನೋಡುತ್ತ ಹೋದಂತೆ ಅವರ ಮುಖ ಸಣ್ಣದಾಯಿತು.

“ಛಲೋ ಇಟ್ಟೀರಿ,” ಎಂದರು. “ಎಲ್ಲಾರೂ ಹಿಂಗ ಛಲೋ ಇಟ್ಟಾರ.”

ಆಮೇಲೆ ವಿಷಯ ಹೊರಬಿತ್ತು. ಪುಸ್ತಕದ ಎರಡನೆಯ ಮುದ್ರಣ ಬರಲಿತ್ತು. ಕೊನೆಯಲ್ಲಿ ದೊಡ್ಡವರ ಪ್ರಶಂಸೆ ಬೇಡ, ಓದಿದವರು ತಮ್ಮಷ್ಟಕ್ಕೆ ಪುಟದ ಅಂಚಿನಲ್ಲಿ ಗೀಚಿದ್ದನ್ನೇ ಅಚ್ಚು ಹಾಕಿಸಬೇಕೆಂದು ಮಾಸ್ತರರ ಆಸೆ. ತಾವು ಕೊಟ್ಟ ಪ್ರತಿಗಳಿರುವ ಮೂವತ್ತು ಮನೆ ತಿರುಗಿದ್ದರು. ಎಲ್ಲ ಕಡೆಯೂ ಪುಸ್ತಕ ಕಪಾಟಿನಲ್ಲಿ ದೇವರಂತೆ ಕೂತಿತ್ತು. ಕುರ್ಚಿ ಮುರಿಯುವಂತೆ ನಕ್ಕವನ ಮನೆಯಲ್ಲಾದರೂ ಏನಾದರೂ ಸಿಕ್ಕೀತೆಂದು ಕೊನೆಯದಾಗಿ ಖಾನಾಪುರಕ್ಕೆ ಬಂದಿದ್ದರು.

ಗುರುಪುತ್ರಪ್ಪನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಇಲ್ಲಿ ಪುಟ ತುಂಬ ಬರಹವಿತ್ತು, ಈಗಷ್ಟೇ ಅಳಿಸಿದೆ ಎಂದು ತೊದಲಿದ. ಭರಮಣ್ಣ ತನ್ನ ಸೀಟಿಯ ಕತೆ ಹೇಳಿದ. ಗುರುಪುತ್ರಪ್ಪ ಮೂರು ಕವಿತೆ ಬಾಯಿಪಾಠ ಒಪ್ಪಿಸಿ, ಅಪ್ಪನ ಹಸಿ ಅಂಗಿಯ ಮಾತನ್ನೂ ಹೇಳಿದ. ಮಾಸ್ತರರು ಅವನ ಬೆನ್ನು ತಟ್ಟಿದರು.

“ಎದುರಿಗೆ ಕುಂತಾಗ ಎಲ್ಲಾರೂ ಛಂದ ಹೇಳ್ತಾರ್ರೀ ಗುರುಪುತ್ರಪ್ಪ. ನಾ ಇಲ್ಲದಾಗ ಬರದದ್ದು ಬೇಕಾಗಿತ್ತು ನನಗ.”

ಹೀಗೆನ್ನುತ್ತ ಪುಟ ಮಗುಚಿದವರ ಕೈ ತಟ್ಟನೆ ತಡೆಯಿತು. ನೇರಳೆ ಮಸಿಯ ಕಲೆಯ ನಡುವೆ ದಪ್ಪ ಅಕ್ಷರಗಳಿದ್ದವು. ಮಾಸ್ತರರು ಕನ್ನಡಕ ಸರಿಪಡಿಸಿಕೊಂಡು ಓದಿದರು: ‘ನಮ್ಮ ಮಾಲಕರು ಹೋದ ಮ್ಯಾಲ ನಾ ನಕ್ಕಿದ್ದು ಇದೇ ಮೊದಲ. ನಗೂದ್ರಾಗ ಪಲ್ಯಾ ಹೊತ್ತಿತು. ನಾ ನಕ್ಕಿದ್ದು ನೋಡಿ ಉಣ್ಣಾವರು ಯಾರೂ ಏನೂ ಅನಲಿಲ್ಲ.’

ಅದನ್ನೇ ಇನ್ನೊಮ್ಮೆ ಓದಿದರು. ಆಮೇಲೆ ಇದನ್ನು ಬರೆದವರು ಯಾರೆಂದು ಕೇಳಿದರು. ಬಾಗಿಲ ಬಳಿ ನಿಂತಿದ್ದ ಪದ್ಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದಳು. ಮಾಸ್ತರರು ಎದ್ದು ಅವಳಿಗೆ ಕೈಮುಗಿದರು. ಕಾಂತಾ ಮಾಡಿದ ಹೋಳಿಗೆ ಬಿಟ್ಟು ಅವಳ ಖಾನಾವಳಿಯಲ್ಲಿ ಭಕ್ರಿ ಉಂಡರು. ಹೋಗುವಾಗ ಆ ಪ್ರತಿಯನ್ನು ಗುರುಪುತ್ರಪ್ಪನಿಂದ ಕೇಳಿ ಪಡೆದು, ಎದೆಗವಚಿಕೊಂಡು ಬಸ್ಸು ಹತ್ತಿದರು. ‘ನಿಜವಾದ ಓದುಗ’ ಎಂಬ ಬಿರುದೂ ಅದರೊಂದಿಗೆ ಬೆಳಗಾವಿಗೆ ಹೋಯಿತು.

ದೀಪಾವಳಿಗೆ ಎರಡನೆಯ ಮುದ್ರಣ ಟಪಾಲಿನಲ್ಲಿ ಬಂತು. ಕೊನೆಯ ಪುಟದಲ್ಲಿ ಪದ್ಮವ್ವನ ಮೂರು ಸಾಲು, ಅವಳ ಹೆಸರು. ಗುರುಪುತ್ರಪ್ಪ ಕಣ್ಣು ತುಂಬಿಕೊಂಡು ಅದನ್ನು ಓದಿದ, ಆ ಸಾಲುಗಳು ಅಷ್ಟು ಚೆನ್ನಾಗಿದ್ದವು. ಅದರ ಕೆಳಗೆ ಅವನ ಹೆಸರೂ ಇತ್ತು. ಜೀವಮಾನದಲ್ಲಿ ಮೊದಲ ಸಲ ಅಚ್ಚಾದ ಹೆಸರು. ‘ಈ ಪುಸ್ತಕವನ್ನು ತಾವು ಒಂದು ಗೀಟೂ ಹಾಕದೆ ವರ್ಷವಿಡೀ ಜೋಪಾನ ಮಾಡಿದ ಖಾನಾಪುರದ ಗುರುಪುತ್ರಪ್ಪನವರಿಗೆ ಕೃತಜ್ಞತೆಗಳು.’

ಅವನು ರಬ್ಬರ್ ಹುಡುಕಿದ. ಅಚ್ಚಿನ ಅಕ್ಷರ ಅಳಿಯುವುದಿಲ್ಲವೆಂದು ಹೊಳೆದು ಹುಡುಕುವುದನ್ನು ಬಿಟ್ಟ. ಕಾಂತಾ ಖಾನಾವಳಿಗೆ ಹೋಗಿ ಪದ್ಮವ್ವನ ಪೆನ್ಸಿಲ್ ತಂದಳು. ತುದಿಯನ್ನು ನಾಲಿಗೆಗೆ ತಾಗಿಸಿ, ಆ ಸಾಲಿನ ಕೆಳಗೆ ನೇರಳೆ ಬಣ್ಣದಲ್ಲಿ ಬರೆದಳು: ‘ಇವರು ಓದಿದ್ದು ಖರೇ ಐತಿ. ಕುರ್ಚಿ ಮುರದದ್ದೂ ಖರೇ.’

ಆ ಪುಸ್ತಕವನ್ನು ನೋಡಲು ಮಾತ್ರ ಯಾವ ಕವಿಯೂ ಬರಲಿಲ್ಲ.