ತಾರ್ಚಿಸಿಯೊ ಮೇಷ್ಟ್ರು ಮನೆಗೆ ತಂದ ಒಂಬತ್ತು ಪುಸ್ತಕ

ತೊಂದರೆ ಶುರುವಾದದ್ದು ಒಂದು ಹೂವಿನಿಂದ. ಅದೂ ನಿಜವಾದ ಹೂವಲ್ಲ, ಪೆನ್ನಿನಲ್ಲಿ ಬಿಡಿಸಿದ್ದು.

ಫೆರಾರಾದ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಅಂದು ಸಂಜೆ ಆರಕ್ಕೆ ಒಂದು ಉಪನ್ಯಾಸವಿತ್ತು: 'ಕಪ್ಪಂಗಿಯವರು ಹೇಗೆ ಬೆಳೆದರು?' ಕಪ್ಪಂಗಿಯವರೆಂದರೆ ಹಿಂದೊಮ್ಮೆ ನಮ್ಮೂರನ್ನು ನಡುಗಿಸಿದ ಫ್ಯಾಸಿಸ್ಟರ ಪಡೆ. ಮಾತಾಡುವವನು ನಿವೃತ್ತ ಅಂಚೆಯಣ್ಣ ಒಟ್ಟೋರಿನೊ. ಉಪನ್ಯಾಸದ ದಿನವೇ ಓದಿಕೊಳ್ಳುವುದು ಅವನ ಜಾಯಮಾನ. ಅವನಿಗಾಗಿ ಗ್ರಂಥಪಾಲಕಿ ಡೆಲ್ಫಿನಾ ಉಗ್ರ ಬಲಪಂಥದ ಚರಿತ್ರೆ ಹೇಳುವ ಒಂಬತ್ತು ಪುಸ್ತಕಗಳ ಪಟ್ಟಿ ಬರೆದು ಮೇಜಿನ ಮೇಲಿಟ್ಟಿದ್ದಳು. ಪಟ್ಟಿಯ ತಲೆಯ ಮೇಲೆ ಒಟ್ಟೋರಿನೊನ ಹೆಸರು, ಪಕ್ಕದಲ್ಲಿ ಆ ಹೂವು.

ಬೆಳಿಗ್ಗೆ ಪತ್ರಿಕೆ ಓದಲು ಬಂದ ತಾರ್ಚಿಸಿಯೊ ಮೇಷ್ಟ್ರ ಕಣ್ಣಿಗೆ ಅದು ಬಿತ್ತು. ಮೂವತ್ತೆಂಟು ವರ್ಷ ಭೂಗೋಳ ಕಲಿಸಿದ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಆರು ವರ್ಷದಿಂದ ಒಂದು ದಿನವೂ ತಪ್ಪದೆ ಗ್ರಂಥಾಲಯಕ್ಕೆ ಬರುತ್ತಿದ್ದರು. ಡೆಲ್ಫಿನಾ ಇವರಿಗೆ ಹೂವಿರಲಿ, ಒಂದು ಎಲೆಯನ್ನೂ ಬಿಡಿಸಿಕೊಟ್ಟಿರಲಿಲ್ಲ. ಪಟ್ಟಿಯನ್ನು ಎತ್ತಿಕೊಂಡು ಕಪಾಟಿನತ್ತ ನಡೆದರು.

'ಕಾಗದ ಹಂಚೋನಿಗೆ ಚರಿತ್ರೆ ಬೇರೆ ಕೇಡು! ಓದೋಕೆ ಪುಸ್ತಕ ಸಿಕ್ಕಿದ್ರೆ ತಾನೆ?' ಎಂದುಕೊಂಡರು.

ಡೆಲ್ಫಿನಾ ಬರುವುದು ಮಧ್ಯಾಹ್ನ. ಬೆಳಗಿನ ಪಾಳಿಯ ಗುಮಾಸ್ತ ತಲೆ ಎತ್ತದೆ ಮೇಷ್ಟ್ರು ತಂದಿಟ್ಟ ಒಂಬತ್ತು ಪುಸ್ತಕಕ್ಕೂ ಮುದ್ರೆ ಒತ್ತಿದ.

ಪುಸ್ತಕಗಳು ಮನೆ ಸೇರುವ ಮೊದಲೇ, ಬಾಗಿಲ ಮುಂದೆ ಕಾಗದದ ಚೀಲ ಹರಿಯಿತು. ಮುಖಪುಟಗಳ ಮೇಲಿನ ತಲೆಬುರುಡೆ, ಕಪ್ಪು ಬಾವುಟ, ದವಡೆ ಮುಂದೆ ಚಾಚಿದ ನಾಯಕ ಎಲ್ಲರೂ ರಸ್ತೆಯ ಮೇಲೆ ಅಂಗಾತ ಮಲಗಿದರು. ಕೆಳಮನೆಯ ಆರ್ಜಿಯಾ ಅಜ್ಜಿ ಕೈಯಲ್ಲಿದ್ದ ಪೊರಕೆಯನ್ನು ಕೋವಿಯಂತೆ ಹಿಡಿದಳು.

"ಮೇಷ್ಟ್ರೇ! ನಮ್ಮಪ್ಪನಿಗೆ ಹರಳೆಣ್ಣೆ ಕುಡಿಸಿ ಬಡಿದೋರು ಇವ್ರೇ. ಇವರ ಪಟ ಇಟ್ಕೊಂಡು ಪೂಜೆ ಮಾಡ್ತೀರಾ?"

"ಇಲ್ಲಮ್ಮ, ಸುಮ್ನೆ ಚರಿತ್ರೆ ತಿಳ್ಕೊಳ್ಳೋಣ ಅಂತ..."

"ಎಪ್ಪತ್ತು ವರ್ಷ ಇಲ್ದಿದ್ದ ಆಸೆ ಇವತ್ತು ಎಲ್ಲಿಂದ ಬಂತು?"

ಮೇಷ್ಟ್ರು ಬಗ್ಗಿ ಪುಸ್ತಕಗಳನ್ನು ಬಾಚಿಕೊಂಡರು. ನಿಜ ಹೇಳಿದರೆ ಒಟ್ಟೋರಿನೊನ ಮೇಲಿನ ಹೊಟ್ಟೆಕಿಚ್ಚು ಬಯಲಾಗುತ್ತದೆ. ಡೆಲ್ಫಿನಾ ಕಿವಿಗೆ ಅದು ಬೀಳುವುದಕ್ಕಿಂತ ಈ ಅಪವಾದವೇ ವಾಸಿ ಅನ್ನಿಸಿತು.

ಹನ್ನೊಂದರ ಹೊತ್ತಿಗೆ ಸುದ್ದಿ ಅಮೋಸನ ಕಾಫಿ ಅಂಗಡಿ ಮುಟ್ಟಿತ್ತು. ಅಮೋಸ ಮುಖ ನೋಡದೆ ಲೋಟ ಕುಕ್ಕಿದ.

"ಸಕ್ಕರೆ ಎಲ್ಲಪ್ಪ?"

"ನಿಮ್ಮೋರು ಬಂದ್ರೆ ಎಲ್ಲರಿಗೂ ರೇಷನ್ನೇ ಅಲ್ವಾ? ಈಗ್ಲಿಂದ್ಲೇ ಅಭ್ಯಾಸ ಮಾಡ್ಕೊಳ್ಳಿ."

ಕಹಿ ಕಾಫಿ ನುಂಗಿ ಮನೆಗೆ ಮರಳಿದರೆ ಮೆಟ್ಟಿಲ ಮೇಲೆ ಮೂರನೆಯ ಮಹಡಿಯ ಬೋಳುತಲೆಯ ಗಾಲ್ವಾನೊ ಕಾಯುತ್ತಿದ್ದ. ಹತ್ತು ವರ್ಷದಲ್ಲಿ ಒಂದು ನಮಸ್ಕಾರ ಹೇಳದವನು ಮೇಷ್ಟ್ರನ್ನು ಅಪ್ಪಿಕೊಂಡು ಕಣ್ಣೀರು ಸುರಿಸಿದ.

"ಈ ಕಟ್ಟಡದಲ್ಲಿ ನಾನೊಬ್ನೇ ಅಂದ್ಕೊಂಡಿದ್ದೆ ಸಾರ್!" ಎಂದವನೇ ಕಪ್ಪಂಗಿಯವರ ಸಲಾಮಿನ ಹಾಗೆ ಬಲಗೈಯನ್ನು ನೆಟ್ಟಗೆ ಮುಂದಕ್ಕೆ ಚಾಚಿದ.

"ಇಳಿಸಯ್ಯ ಕೈ, ಇಳಿಸು!" ಎಂದು ಮೇಷ್ಟ್ರು ಆ ಕೈಯನ್ನು ಹಿಡಿದು ಜಗ್ಗಿದರು. ಅಷ್ಟರಲ್ಲಿ ಕೆಳಗಿನ ಬಾಗಿಲು ತೆರೆಯಿತು. ಆರ್ಜಿಯಾ ಅಜ್ಜಿಗೆ ಕಂಡದ್ದು ಇಬ್ಬರೂ ಸೇರಿ ಕೈ ಎತ್ತಿದ್ದು ಮಾತ್ರ.

ಇಷ್ಟಾದರೂ ಮೇಷ್ಟ್ರು ಸಂಜೆ ಉಪನ್ಯಾಸಕ್ಕೆ ಹೋದರು. ಒಟ್ಟೋರಿನೊ ತೊದಲಬೇಕು, ಬೆವರಬೇಕು, ಡೆಲ್ಫಿನಾ ಅದನ್ನು ನೋಡಬೇಕು. ಆ ಸುಖಕ್ಕಾಗಿ ಎಷ್ಟು ಕಹಿ ಕಾಫಿ ಬೇಕಾದರೂ ಕುಡಿದಾರು. ಸಭಾಂಗಣ ತುಂಬಿತ್ತು. ಇವರು ಕೂತ ಸಾಲು ಮಾತ್ರ ನಿಮಿಷದಲ್ಲಿ ಖಾಲಿಯಾಯಿತು.

ಒಟ್ಟೋರಿನೊ ಬರಿಗೈಯಲ್ಲಿ ಎದ್ದು ನಿಂತ. ಮೇಷ್ಟ್ರು ಮೀಸೆಯಡಿಯಲ್ಲಿ ನಕ್ಕರು.

"ಓದ್ಕೊಂಡು ಬರೋಣ ಅಂತಿದ್ದೆ. ಒಂದು ಪುಸ್ತಕಾನೂ ಸಿಗ್ಲಿಲ್ಲ," ಎಂದ ಒಟ್ಟೋರಿನೊ. "ಅವೆಲ್ಲ ಯಾರ ಮನೆ ಸೇರಿವೆ ಅಂತ ನಿಮಗೇ ಗೊತ್ತು. ಅದಕ್ಕೇ ಪುಸ್ತಕದ ಮಾತು ಬಿಡ್ತೀನಿ. ಒಬ್ಬ ಒಳ್ಳೇ ಮನುಷ್ಯ, ಮಕ್ಕಳಿಗೆ ಪಾಠ ಹೇಳಿದೋರು, ಒಂಟಿಯಾಗಿ ಇದ್ದೂ ಇದ್ದೂ, ಯಾರೂ ತನ್ನ ಕೇಳೋರಿಲ್ಲ ಅಂತ ಕೊರಗಿ, ನಮ್ಮ ಕಣ್ಮುಂದೇನೇ ಹೇಗೆ ಆ ಕಡೆ ಜಾರಿಬಿಟ್ರು, ಅದನ್ನ ಹೇಳ್ತೀನಿ. ಹೆಸರು ಹೇಳಲ್ಲ."

ನೂರು ತಲೆಗಳು ಒಟ್ಟಿಗೆ ಹಿಂದೆ ತಿರುಗಿದವು.

ಆ ಅಂಚೆಯಣ್ಣ ಮುಕ್ಕಾಲು ಗಂಟೆ ಮಾತಾಡಿದ. ಅಷ್ಟು ಚೆನ್ನಾದ ಉಪನ್ಯಾಸವನ್ನು ನಾವ್ಯಾರೂ ಕೇಳಿರಲಿಲ್ಲ. ಆರ್ಜಿಯಾ ಅಜ್ಜಿ ಬಿಕ್ಕಿ ಬಿಕ್ಕಿ ಅತ್ತಳು. ಅಮೋಸ ಕರ್ಚೀಫು ಹುಡುಕಿದ. ಚಪ್ಪಾಳೆ ನಿಂತ ಮೇಲೆ ಡೆಲ್ಫಿನಾ ನೇರ ಮೇಷ್ಟ್ರ ಹತ್ತಿರ ಬಂದಳು. ಆರು ವರ್ಷದಲ್ಲಿ ಮೊದಲ ಸಲ ಅವರ ಕೈ ಹಿಡಿದುಕೊಂಡಳು. ಮೇಷ್ಟ್ರು ಇನ್ನೊಂದು ಕೈಯಲ್ಲಿ ಮೀಸೆ ಸರಿಮಾಡಿಕೊಂಡರು.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ," ಎಂದಳು ಮೆಲ್ಲಗೆ. "ನಾವು ನಿಮ್ಮ ಕೈ ಬಿಡಲ್ಲ. ನೀವು ಸರಿಹೋಗೋ ತನಕ ಪ್ರತಿ ಗುರುವಾರ ಮಾತಾಡ್ತೀನಿ ಅಂತ ಒಟ್ಟೋರಿನೊ ಒಪ್ಪಿದ್ದಾರೆ. ಸಿದ್ಧತೆಗೆ ದಿನಾ ಸಂಜೆ ನಮ್ಮನೆಗೇ ಊಟಕ್ಕೆ ಬರ್ತಾರೆ."