ನಾಲ್ಕು ಸಲ ನೋಡಿದ ಮೆಟ್ಟಿಲು

ಮನೆ ನೋಡುವುದರಲ್ಲಿ ನನ್ನಷ್ಟು ಜಾಗರೂಕ ಮನುಷ್ಯ ಗದಗ-ಬೆಟಗೇರಿಯಲ್ಲಿ ಇನ್ನೊಬ್ಬನಿಲ್ಲ ಎಂದು ನೋಂದಣಿಯ ದಿನ ಮಧ್ಯಾಹ್ನ ಒಂದರವರೆಗೆ ನಂಬಿದ್ದೆ. ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು. ನೆನಪನ್ನು ನಂಬಬಾರದು, ದಾಖಲೆಯನ್ನು ನಂಬಬೇಕು ಎಂದು ಕಲಿತವನು. ಹಾಗಾಗಿ ಬೆಟಗೇರಿಯ ಆ ಮನೆಯನ್ನು ನಾಲ್ಕು ಸಲ ನೋಡಿ, ನಾಲ್ಕು ಸಲವೂ ಡೈರಿಯಲ್ಲಿ ಬರೆದಿಟ್ಟಿದ್ದೆ.

ಹೆಂಡತಿ ಸುಮಂಗಲಾ ಒಮ್ಮೆಯೂ ನೋಡಿರಲಿಲ್ಲ. ಲಗ್ನಗಳ ಕಾಲ, ಹೊಲಿಗೆ ಯಂತ್ರ ಬಿಟ್ಟು ಏಳಲು ಅವಳಿಗೆ ಪುರಸೊತ್ತಿಲ್ಲ. ಅವಳು ಕೇಳಿದ್ದು ಒಂದೇ: ಹೊಲಿಗೆ ಕ್ಲಾಸು ನಡೆಸಲು ಬೆಳಕಿರುವ ಒಂದು ಖೋಲಿ. "ಮ್ಯಾಲ ಐತಿ, ಭರ್ಜರಿ ಐತಿ" ಎಂದು ನಾನು ಹೇಳಿದ್ದೇ ತಡ, ತನ್ನ ಬಾಡಿಗೆ ಅಂಗಡಿ ಬಿಡುವುದಾಗಿ ಮಾಲೀಕರಿಗೆ ತಿಳಿಸಿಬಿಟ್ಟಿದ್ದಳು.

ಮಧ್ಯಾಹ್ನ ಎರಡಕ್ಕೆ ನೋಂದಣಿ. ಅದಕ್ಕೆ ಮುಂಚೆ ಕೊನೆಯದಾಗಿ ಒಮ್ಮೆ ನೋಡಿಬಿಡೋಣವೆಂದು ಇಬ್ಬರೂ ಹೋದೆವು. ಮನೆ ಮಾರುತ್ತಿದ್ದ ಈರಣ್ಣನವರು ಕೀಲಿ ತೆಗೆದರು. ಒಳಗೆಲ್ಲ ಖಾಲಿ. ನಾನು ಪ್ರವಾಸಿ ಗೈಡಿನಂತೆ ಮುಂದೆ ನಡೆದೆ. ಇದು ಪಡಸಾಲೆ, ಇದು ಅಡುಗೆಮನೆ, ಇದು ಬಚ್ಚಲು.

"ಮ್ಯಾಲ ನಡೀರಿ ಇನ್ನ," ಎಂದಳು ಸುಮಂಗಲಾ.

"ಬಾ," ಎಂದು ತಿರುಗಿದೆ. ಮೆಟ್ಟಿಲೇ ಇಲ್ಲ!

ಬಚ್ಚಲಿಗೆ ಮತ್ತೊಮ್ಮೆ ಹೋಗಿ ಬಂದೆ. ಗೋಡೆಯ ಕಪಾಟುಗಳನ್ನು ಒಂದೊಂದಾಗಿ ತೆರೆದೆ. ಮೂರು ತೆರೆದೆನೆಂದು ನನ್ನ ನೆನಪು. ಸುಮಂಗಲಾ ಐದು ಎನ್ನುತ್ತಾಳೆ.

"ಏನ್ ಹುಡುಕಾಕತ್ತೀರಿ?"

"ಮೆಟ್ಲ."

"ಕಪಾಟಿನ್ಯಾಗ?"

ನಾನು ಈರಣ್ಣನವರ ಕಡೆ ನೋಡಿದೆ. "ಮೆಟ್ಲ ಎಲ್ರಿ?"

"ಮೆಟ್ಲ ನಮ್ಮ ಅಣ್ಣನ ಮನ್ಯಾಗ ಅದಾವಲ್ರಿ, ಬಾಜೂಕ. ಪಾಲಾದಾಗ ಮೆಟ್ಲ ಅವಗ ಹೋದ್ವು, ಮ್ಯಾಲಿನ ಖೋಲಿ ನನಗ ಬಂತು."

"ನಡುವ ಬಾಗಿಲಾ ಇತ್ತಲ್ರಿ!"

"ಕೆಳಗೊಂದು, ಮ್ಯಾಲೊಂದು ಇದ್ವು. ಮುಂದ ನಿಮಗ ತಕರಾರ ಬರಬಾರ್ದಂತ ನಿನ್ನೆನ ಎರಡೂ ಇಟ್ಟಂಗಿ ಇಟ್ಟು ಮುಚ್ಚಿಸೇನ್ರಿ. ನಾ ಮೋಸದ ಮನಷ್ಯಾ ಅಲ್ರಿ!"

ಅವರ ಪ್ರಾಮಾಣಿಕತೆಗೆ ನಾನು ಬೆವೆತುಹೋದೆ. ಸರಿ, ದಾಖಲೆಯೇ ಮಾತಾಡಲಿ ಎಂದು ಡೈರಿ ತೆಗೆದು ಗಟ್ಟಿಯಾಗಿ ಓದಿದೆ. "ಮೊದಲ ಭೇಟಿ: ಗಂಗಕ್ಕನವರ ಗಿರ್ಮಿಟ್ ಅದ್ಭುತ. ಚಹಾ ಕುಡಿದು ಮೇಲೆ ಹೋದೆವು. ಎರಡನೆಯ ಭೇಟಿ: ಮಿರ್ಚಿ ಬಿಸಿಯಾಗಿತ್ತು. ಮೇಲೆ ಹೋದೆವು. ಮೂರನೆಯ ಭೇಟಿ: ಉಪ್ಪಿಟ್ಟು..."

"ಗಂಗಕ್ಕ ಯಾರು?"

"ಇವರ ಅಣ್ಣನ ಹೆಂಡ್ತಿ," ಎಂದೆ. "ಬಾಜೂ ಮನಿ."

ಹೇಳುವಾಗಲೇ ಅರ್ಥವಾಯಿತು. ಪ್ರತಿ ಸಲ ಗಂಗಕ್ಕ ತಮ್ಮ ಬಾಗಿಲಿಂದಲೇ "ಹಂಗ ಹೆಂಗ ಹೋಗ್ತೀರಿ, ಚಾ ಕುಡದು ಹೋಗ್ರಿ" ಎಂದು ಕರೆದಿದ್ದರು. ನಮ್ಮ ಕಡೆ ಕರೆದಾಗ ಒಲ್ಲೆ ಎನ್ನಲಾದೀತೇ? ತಿಂದು, ಕುಡಿದು, ಅಲ್ಲಿಂದಲೇ ಮೇಲೆ ಹತ್ತಿ, ಮೇಲಿನ ನಡುಬಾಗಿಲಿಂದ ಖೋಲಿಗೆ ಹೋಗಿದ್ದೆ. ಬೇರೆಯವರ ಮೆಟ್ಟಿಲನ್ನು ನಾಲ್ಕು ಸಲ ಕೂಲಂಕಷವಾಗಿ ಪರಿಶೀಲಿಸಿದ್ದೆ!

"ಖೋಲಿ ಆದ್ರೂ ಖರೆ ಐತೋ, ಅದೂ ಬಾಜೂದವರದೋ?" ಎಂದಳು ಸುಮಂಗಲಾ. ಧ್ವನಿ ನಡುಗುತ್ತಿತ್ತು.

ಆ ಧ್ವನಿ ಕೇಳಿ ನನ್ನ ಪೌರುಷ ಜಾಗೃತವಾಯಿತು. ಇಟ್ಟಿಗೆ ಕಟ್ಟಿದ್ದ ಗೌಂಡಿಯ ಏಣಿ ಹೊರಗೆ ಬಾಲ್ಕನಿಗೆ ಆನಿಕೊಂಡಿತ್ತು. ಹತ್ತಿಯೇಬಿಟ್ಟೆ. ಖೋಲಿ ಇತ್ತು! ಬೆಳಕೂ ಇತ್ತು! ಗೋಡೆಗಳನ್ನು ತಟ್ಟಿ, ಕಿಟಕಿ ತೆರೆದು, ವಿಜಯಿಯಂತೆ ಬಾಲ್ಕನಿಗೆ ಬಂದು ನೋಡಿದರೆ ಏಣಿ ಇಲ್ಲ. ಗೌಂಡಿ ಬಂದು, ಬೇರೆ ಕೆಲಸವಿದೆ ಎಂದು ಅದನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಹೊರಟುಹೋಗಿದ್ದ.

ಗಂಟೆ ಒಂದೂವರೆ. ಹೊಸ ಇಟ್ಟಿಗೆ ಗೋಡೆಯ ಆಚೆಯಿಂದ ಗಂಗಕ್ಕನ ಧ್ವನಿ ಬಂತು. "ಸಾಹೇಬ್ರ, ಚಾ ಆಗೇತಿ, ಬರ್ರಿ!"

"ಹೆಂಗ ಬರ್ಲಿ ಗಂಗಕ್ಕಾ!"

ಕೆಳಗೆ ಈರಣ್ಣನವರು ಗಡಿಯಾರ ನೋಡುತ್ತಿದ್ದರು. ಸುಮಂಗಲಾ ಕಣ್ಣೊರೆಸಿಕೊಂಡು ಮುಂದಿನ ಅಂಗಳವನ್ನು ಅಳೆಯುವವಳಂತೆ ನೋಡಿದಳು.

"ಈರಣ್ಣಾರ, ಇಲ್ಲಿ ಕಬ್ಬಣದ ಮೆಟ್ಲ ನಿಂದ್ರಸ್ರಿ, ನಿಮ್ಮ ಖರ್ಚಿನ್ಯಾಗ. ಅವು ನಿಂತ ಮ್ಯಾಲೆ ರಜಿಸ್ಟ್ರಿ."

"ಇವತ್ತ ಟೈಮ್ ತಗೊಂಡೇವಲ್ರಿ ಅಕ್ಕಾರ! ಸಹಿ ಮಾಡಿಬಿಡ್ರಿ, ಮೆಟ್ಲ ಮುಂದ ನೋಡೋಣಂತ."

"ಸಹಿ ಮಾಡವರು ಮ್ಯಾಲ ಅದಾರ," ಎಂದು ನನ್ನತ್ತ ಬೆರಳು ತೋರಿಸಿದಳು. "ನೀವ ಇಳಿಸ್ಕೊಂಡು ಕರಕೊಂಡು ಹೋಗ್ರಿ."

ಈರಣ್ಣನವರು ಮೇಲೆ ನೋಡಿದರು. ನಾನು ವಿನಯದಿಂದ ಕೈಮುಗಿದೆ. ಇಡೀ ವ್ಯವಹಾರದಲ್ಲಿ ನಾನು ಉಪಯೋಗಕ್ಕೆ ಬಂದದ್ದು ಆ ಒಂದು ಗಳಿಗೆ ಮಾತ್ರ. ಅದೂ ಸಿಕ್ಕಿಹಾಕಿಕೊಂಡು!

"ಆತು ಬಿಡ್ರಿ, ನಿಂದ್ರಸ್ತೀನಿ," ಎಂದರು ಅವರು.

ಏಣಿ ಮರಳಿ ಬರುವಷ್ಟರಲ್ಲಿ ಸಂಜೆ ನಾಲ್ಕಾಗಿತ್ತು. ಹದಿನೈದು ದಿನಗಳ ನಂತರ ಅಂಗಳದಲ್ಲಿ ಕಬ್ಬಿಣದ ಮೆಟ್ಟಿಲು ನಿಂತಿತು. ಖರೀದಿ ಪತ್ರದಲ್ಲಿ ಮೆಟ್ಟಿಲುಗಳ ಸಂಖ್ಯೆಯೂ ಬರಬೇಕೆಂದು ಸುಮಂಗಲಾ ಹಟ ಹಿಡಿದಳು. ನಾನು ಹತ್ತಿ ಎಣಿಸಿದೆ: ಹದಿನಾರು. ಅವಳು ಎಣಿಸಿದಳು: ಹದಿನೇಳು. ಪತ್ರದಲ್ಲಿ ಹದಿನೇಳು ಎಂದೇ ಬಂತು.

ಅನುಮಾನ ತೀರದೆ ನಾನು ಮತ್ತೊಮ್ಮೆ ಹತ್ತಲು ಹೊರಟೆ.

"ಬ್ಯಾಡ್ರಿ," ಎಂದಳು. "ಮತ್ತ ಮ್ಯಾಲ ಉಳದೀರಿ."

ಕೆಳಗೇ ನಿಂತೆ.